ಕಾಲು ಕೊಟ್ಟವನ ಹೊಣೆ

ಕೃತಕ ಕಾಲು, ಕ್ಯಾಲಿಪರ್ ಮೊದಲಾದ ಸಾಧನಗಳನ್ನು ವಿಕಲಚೇತನರ ದೇಹಕ್ಕೆ ಹೊಂದಿಸುವ ಅಧಿಕಾರ ಯಾರದು ಎಂಬ ವಿವಾದ ನಮ್ಮ ದೇಶದಲ್ಲಿ ಮೂರು ದಶಕಗಳಿಂದ ನಡೆದುಬಂದಿದೆ. ಅದು ತಮಗೆ ಮಾತ್ರ ಸೇರಿದ್ದೆಂದು ಆ ವಿಷಯದಲ್ಲಿ ಪದವಿ ಪಡೆದವರು ಹೇಳುತ್ತಾರೆ. ಕರುಣೆಗೂ ಪರವಾನಗಿ ಬೇಕೇ ಎಂದು ಶಿಬಿರ ನಡೆಸುವ ದಾನಿಗಳು ಕೇಳುತ್ತಾರೆ. ಈ ಎರಡನೆಯ ಮಾತು ನಮ್ಮ ಸಮಾಜದ ವೇದಿಕೆಗಳಿಂದಲೂ ಕೇಳಿಬರುವುದರಿಂದ ಇದನ್ನು ಈ ಪತ್ರಿಕೆಯಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಂದಿಸುವ ಹಕ್ಕು ಹೊಣೆಯಿಂದ ಹುಟ್ಟತಕ್ಕದ್ದು. ಪದವಿಯೊಂದರಿಂದಲೇ ಅದು ಹುಟ್ಟುವುದಿಲ್ಲ, ದಾನದಿಂದಂತೂ ಹುಟ್ಟುವುದೇ ಇಲ್ಲ.

1992ರಲ್ಲಿ ಸಂಸತ್ತು ಅಂಗೀಕರಿಸಿದ ಭಾರತೀಯ ಪುನರ್ವಸತಿ ಪರಿಷತ್ತಿನ ಅಧಿನಿಯಮವು 1993ರಲ್ಲಿ ಜಾರಿಗೆ ಬಂದಿತು. ಮಾನ್ಯತೆಯುಳ್ಳ ಶಿಕ್ಷಣ ಪಡೆದು, ಪರಿಷತ್ತಿನ ವಹಿಯಲ್ಲಿ ಹೆಸರು ನೋಂದಾಯಿಸಿದವರ ಹೊರತು ಅನ್ಯರು ಪುನರ್ವಸತಿ ವೃತ್ತಿಯನ್ನು ಭಾರತದ ಯಾವ ಭಾಗದಲ್ಲಿಯೂ ನಡೆಸತಕ್ಕದ್ದಲ್ಲ ಎಂದು ಅದರ 13ನೆಯ ಪ್ರಕರಣ ವಿಧಿಸಿತು. ಉಲ್ಲಂಘಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಪ್ರಾಸ್ಥೆಟಿಸ್ಟ್ ಮತ್ತು ಆರ್ಥೊಟಿಸ್ಟ್, ಅಂದರೆ ಕೃತಕ ಅಂಗಗಳ ಹಾಗೂ ದುರ್ಬಲ ಅಂಗಕ್ಕೆ ಆಧಾರ ಕೊಡುವ ಸಾಧನಗಳ ತಜ್ಞರು, ಈ ವಹಿಯ ಒಂದು ವರ್ಗ. ಇಂಟರ್ನ್‌ಶಿಪ್ ಸೇರಿದಂತೆ ನಾಲ್ಕೂವರೆ ವರ್ಷದ ಪದವಿ. ಇಷ್ಟು ಕಾಲ ಓದಿದವನು, ವೈದ್ಯಕೀಯ ಸಾಮಗ್ರಿಯ ಅಂಗಡಿಯ ಗುಮಾಸ್ತ ಗಿರಾಕಿಯ ಕಾಲಿಗೆ ಟೇಪು ಸುತ್ತಿ ಸಿದ್ಧ ಕ್ಯಾಲಿಪರನ್ನು ಮಾರುವುದನ್ನು ಕಂಡು ಕುಪಿತನಾದರೆ ಅದು ಕೇವಲ ಹೊಟ್ಟೆಪಾಡಿನ ಕೋಪವೆಂದು ತಳ್ಳಿಹಾಕುವಂತಿಲ್ಲ.

ಏಕೆಂದರೆ ಈ ಕೆಲಸದಲ್ಲಿ ಕಣ್ಣಿಗೆ ಕಾಣುವ ಭಾಗ ಸುಲಭ, ಕಾಣದ ಭಾಗ ಕಠಿಣ. ಮೊಣಕಾಲಿನ ಕೆಳಗೆ ಕತ್ತರಿಸಲ್ಪಟ್ಟ ಕಾಲನ್ನು ನೋಡಿರಿ. ಜನ ಪಾದವನ್ನು ನೋಡಿ ಬೆರಗಾಗುತ್ತಾರೆ. ದೇಹದ ಭಾರವನ್ನು ಹೊರುವುದು ಮಾತ್ರ ಸಾಕೆಟ್, ಅಂದರೆ ಉಳಿದ ಕಾಲಿನ ತುದಿ ಒಳಹೋಗಿ ಕೂರುವ ಗೂಡು. ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರವನ್ನು ತಾಳಬಲ್ಲದು. ಮುಂಗಾಲಿನ ಮೂಳೆಯ ಅಂಚು ತಾಳಲಾರದು, ಹೊರಬದಿಯ ಕಿರುಮೂಳೆಯ ತಲೆಯೂ ತಾಳಲಾರದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡುವು ಕೊಡಬೇಕು ಎಂಬುದನ್ನು ಪ್ಲಾಸ್ಟರಿನ ಅಚ್ಚಿನ ಮೇಲೆಯೇ ನಿರ್ಧರಿಸಬೇಕು. ಅದರ ಮೇಲೆ, ಶಸ್ತ್ರಕ್ರಿಯೆಯ ಬಳಿಕ ಉಳಿದ ಕಾಲಿನ ಬಾವು ತಿಂಗಳುಗಟ್ಟಲೆ ಇಳಿಯುತ್ತ ಹೋಗುವುದರಿಂದ ಇಂದು ಸರಿಯಾಗಿದ್ದ ಗೂಡು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಮಧುಮೇಹದಿಂದ ಕಾಲು ಕಳೆದುಕೊಂಡವನ ಚರ್ಮಕ್ಕೆ ಸ್ಪರ್ಶಜ್ಞಾನವೇ ಕಡಿಮೆ. ಒಳಗೆ ಹುಣ್ಣಾಗಿದ್ದರೂ ಅವನಿಗೆ ನೋವು ತಿಳಿಯುವುದಿಲ್ಲ. ಗಾಯ ಕಂಡುಬರುವ ವೇಳೆಗೆ ಕೀವಾಗಿರುತ್ತದೆ, ಮತ್ತೊಮ್ಮೆ ಮೇಲಕ್ಕೆ ಕತ್ತರಿಸಬೇಕಾದೀತು. ಪೋಲಿಯೋ ಪೀಡಿತನ ಕ್ಯಾಲಿಪರಿನ ಕೀಲು ಅವನ ಸ್ವಂತ ಮೊಣಕಾಲಿನ ಕೀಲಿಗೆ ನೇರವಾಗಿ ಕೂರದಿದ್ದರೆ ಪ್ರತಿ ಬಾರಿ ಕುಳಿತೆದ್ದಾಗಲೂ ಪಟ್ಟಿಗಳು ಚರ್ಮವನ್ನು ಉಜ್ಜುತ್ತವೆ. ಭಾರತ 2014ರಲ್ಲಿ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಪಡೆಯಿತು, ಸಂತೋಷ. ಆದರೆ ಅದಕ್ಕೆ ಮುಂಚೆ ಆ ರೋಗಕ್ಕೆ ತುತ್ತಾದವರು ಇಂದು ನಡುವಯಸ್ಸಿನಲ್ಲಿ ನಮ್ಮ ನಡುವೆಯೇ ಇದ್ದಾರೆ.

ಇಲ್ಲಿಗೆ ದಾನಿಗಳು ತಮ್ಮ ಬ್ರಹ್ಮಾಸ್ತ್ರವನ್ನು ಹೊರತೆಗೆಯುತ್ತಾರೆ: ಜೈಪುರ ಪಾದವನ್ನು ಮಾಡಿದವರು ಯಾರು? ನಿಜ, 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಆ ಪಾದ ರೂಪುಗೊಂಡಾಗ ಅದಕ್ಕೆ ಕೈಕೊಟ್ಟವರು ಕುಶಲಕರ್ಮಿ ರಾಮಚಂದ್ರ ಶರ್ಮಾ. ಅವರಿಗೆ ವೈದ್ಯಕೀಯ ಪದವಿ ಇರಲಿಲ್ಲ. ಆ ಕಾಲದ ವಿಲಾಯಿತಿ ಪಾದ ಬೂಟಿನೊಳಗೆ ಇರಲೆಂದು ಮಾಡಿದ್ದು. ನಮ್ಮವರು ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾರೆ, ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುತ್ತಾರೆ. ನಾರಾಯಣಪುರದ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸುರಪುರ, ಶಹಾಪುರದ ರೈತನಿಗೆ ಬೂಟು ಏಕೆ? ರಬ್ಬರು ಮತ್ತು ಮರದಿಂದ ಮಾಡಿ, ಅಚ್ಚಿನಲ್ಲಿ ಬೇಯಿಸಿದ ಆ ಪಾದ ಇವೆಲ್ಲಕ್ಕೂ ಬಾಗಿಕೊಟ್ಟಿತು. 1975ರಲ್ಲಿ ಡಿ. ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಬಡವರಿಗೆ ಉಚಿತವಾಗಿ ತಲುಪಿಸಿತು. ಇದರಲ್ಲಿ ನಮಗೆ ಹೆಮ್ಮೆ ಇರುವುದು ಸಹಜವೇ.

ಆದರೆ ಶರ್ಮಾ ಅವರ ಉದಾಹರಣೆ ಶಿಬಿರದವರ ವಾದಕ್ಕೆ ಒದಗುವುದಿಲ್ಲ. ಅವರು ಕೆಲಸ ಮಾಡಿದ್ದು ಆಸ್ಪತ್ರೆಯ ಒಳಗೆ, ಮೂಳೆಯ ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿಯವರ ಜೊತೆಗೆ. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಸೇಠಿಯವರು ಪದವೀಧರರು, ಶರ್ಮಾ ಅಲ್ಲ. ಒಬ್ಬರಿಗೆ ದೇಹ ತಿಳಿದಿತ್ತು, ಇನ್ನೊಬ್ಬರಿಗೆ ರಬ್ಬರು ತಿಳಿದಿತ್ತು. ಕಾಲು ಕಚ್ಚಿದರೆ ರೋಗಿ ಅದೇ ಬಾಗಿಲಿಗೆ ಮರಳಿ ಬರಬಹುದಾಗಿತ್ತು. ಬೆಳಿಗ್ಗೆ ಕಲ್ಯಾಣಮಂಟಪದಲ್ಲಿ ಅಳತೆ ತೆಗೆದು, ಸಂಜೆ ಕಾಲು ತೊಡಿಸಿ, ರಾತ್ರಿಯ ರೈಲಿಗೆ ಹೊರಟುಹೋಗುವ ತಂಡಕ್ಕೂ ಇವರಿಗೂ ಏನು ಹೋಲಿಕೆ?

ಕೆಲವು ಶಿಬಿರಗಳ ಲೆಕ್ಕಪತ್ರವನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದದ್ದುಂಟು. ಜಮಾಖರ್ಚಿನಲ್ಲಿ ಪೆಂಡಾಲಿಗೆ ಕಾಲಂ ಇದೆ, ಊಟಕ್ಕೆ ಇದೆ, ಹಾರ ಶಾಲುಗಳಿಗೂ ಇದೆ. ಕೊಟ್ಟ ಕಾಲುಗಳ ಸಂಖ್ಯೆ ದಪ್ಪಕ್ಷರದಲ್ಲಿದೆ. ಎಷ್ಟು ಜನ ಮರಳಿ ಬಂದರು, ಎಷ್ಟು ಗೂಡುಗಳನ್ನು ಬದಲಿಸಲಾಯಿತು ಎಂಬ ಕಾಲಂ ಇಲ್ಲ. ಅಡತಿ ಅಂಗಡಿಯಲ್ಲಿ ಕೊಟ್ಟ ಮಾಲನ್ನು ಮಾತ್ರ ಬರೆದು ವಾಪಸಾತಿಯನ್ನು ಬರೆಯದ ಗುಮಾಸ್ತನನ್ನು ನಾವು ಒಂದು ದಿನ ಇಟ್ಟುಕೊಳ್ಳುತ್ತೇವೆಯೇ?

ಉಚಿತವಾಗಿ ಕೊಟ್ಟದ್ದಕ್ಕೆ ಪ್ರಶ್ನೆಯೇ ಎಂಬ ಮಾತು ಶ್ರಾವಕನ ಬಾಯಲ್ಲಿ ಬರಬಾರದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರತಪ್ಪಿದ ಪ್ರವೃತ್ತಿಯಲ್ಲಿ ಗುರುತಿಸುತ್ತದೆ. ದ್ವೇಷವಿಲ್ಲದೆಯೂ ಹಿಂಸೆಯಾಗಬಹುದು, ಹೂವಿನ ಹಾರ ಹಾಕಿಸಿಕೊಂಡೂ ಆಗಬಹುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ, ಅಸಲಿನ ಹೆಸರಿನಲ್ಲಿ ಅದರಂತೆ ಕಾಣುವುದನ್ನು ಕೊಡುವುದು. ಕಪಾಟಿನಿಂದ ಇಳಿಸಿದ ಸಿದ್ಧಪಟ್ಟಿಯನ್ನು ಅಳತೆಗೆ ಮಾಡಿದ್ದೆಂದು ಮಾರುವುದು ಇದಲ್ಲದೆ ಮತ್ತೇನು? ಇನ್ನೊಂದು ವಿರುದ್ಧರಾಜ್ಯಾತಿಕ್ರಮ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದೆಂದು ಅದನ್ನು ಅರ್ಥೈಸುವವರುಂಟು. ಆ ಅರ್ಥವನ್ನು ಒಪ್ಪುವವರು 13ನೆಯ ಪ್ರಕರಣವನ್ನೂ ಒಮ್ಮೆ ಓದಲಿ.

ಇಷ್ಟು ಹೇಳಿದೆನೆಂದು ಪದವೀಧರರ ಸಂಘಗಳು ಹಿಗ್ಗಬೇಕಾಗಿಲ್ಲ. ಅನ್ಯರನ್ನು ಹೊರಗಿಡುವ ಕಾಯಿದೆ ಸ್ವಂತದವರನ್ನು ಒಳತರಲಿಲ್ಲ. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು, 371ಜೆ ವಿಧಿಯೂ ಬಂದಿತು. ಆದರೂ ಓದಿದವರ ಮುಖ ಮಹಾನಗರದ ಕಡೆಗೇ. ರಾಶಿ ಯಂತ್ರಕ್ಕೆ ಕಾಲು ಸಿಕ್ಕವನು, ರೈಲಿನಡಿ ಕಾಲು ಕಳೆದುಕೊಂಡವನು ಒಂದು ಪಟ್ಟಿ ಕಿತ್ತರೆ ರಾತ್ರಿಯಿಡೀ ಪಯಣಿಸಿ ಬೆಂಗಳೂರಿಗೆ ಹೋಗಬೇಕೆ? ಹೋದರೆ ಎರಡು ದಿನದ ಕೂಲಿ ಹೋಯಿತು, ಜೊತೆಗೆ ಬಂದವನ ಕೂಲಿಯೂ ಹೋಯಿತು. ಆಗ ಅವನು ಸಂತೆಯ ಚಮ್ಮಾರನ ಬಳಿಗೋ ವೆಲ್ಡಿಂಗ್ ಅಂಗಡಿಗೋ ಹೋಗುತ್ತಾನೆ. ರಿವೆಟ್ ಹೊಡೆದುಕೊಟ್ಟ ಆ ಕೈಯನ್ನು ಅಪರಾಧಿಯ ಕೈ ಎನ್ನಲು ನನಗೆ ಮನಸ್ಸು ಬಾರದು.

ಅಮೆರಿಕದಲ್ಲಿಯೂ ಇದೇ ಜಗಳ ನಡೆದಿದೆ, ಅಲ್ಲಿ ಅದು ಹಣಪಾವತಿಯ ರೂಪ ತಾಳಿತು. ಅರ್ಹರು ಹೊಂದಿಸಿದ ಸಾಧನಗಳಿಗೆ ಮಾತ್ರ ಮೆಡಿಕೇರ್ ಹಣ ಕೊಡಬೇಕೆಂದು 2000ದಲ್ಲಿ ಕಾನೂನಾಯಿತು. ಅರ್ಹರು ಯಾರೆಂದು ವಿವರಿಸುವ ನಿಯಮದ ಕರಡು 2017ರ ಜನವರಿಯಲ್ಲಿ ಬಂದು, ಫಿಸಿಯೋಥೆರಪಿಸ್ಟರೇ ಮೊದಲಾದವರ ವಿರೋಧದ ನಡುವೆ ಅಕ್ಟೋಬರಿನಲ್ಲಿ ಹಿಂತೆಗೆಯಲ್ಪಟ್ಟಿತು. ಅದೇ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾನದಂಡಗಳು ಹೆಚ್ಚು ವಿವೇಕದ ಹಾದಿ ಹಿಡಿದವು. ಪರೀಕ್ಷಿಸಿ ನಿರ್ಧರಿಸುವ ತಜ್ಞ, ಅವನ ಸಹಾಯಕ ತಜ್ಞ, ಸಾಧನವನ್ನು ತಯಾರಿಸಿ ದುರಸ್ತಿ ಮಾಡುವ ತಂತ್ರಜ್ಞ ಎಂದು ಅವು ಕೆಲಸವನ್ನು ಹಂಚಿ, ಎಲ್ಲರನ್ನೂ ಒಂದೇ ತಂಡವಾಗಿ ಕಂಡವು.

ನಮಗೆ ಬೇಕಾದದ್ದು ಇದೇ. ಅಳತೆ ಮತ್ತು ಹೊಂದಿಕೆಗೆ ನೋಂದಾಯಿತ ತಜ್ಞನೇ ಸಹಿ ಹಾಕಲಿ, ಇದರಲ್ಲಿ ರಿಯಾಯಿತಿ ಬೇಡ. ಪಟ್ಟಿ, ರಿವೆಟ್, ಮಧುಮೇಹಿ ಮತ್ತು ಕುಷ್ಠಪೀಡಿತರ ಎಂ.ಸಿ.ಆರ್. ಚಪ್ಪಲಿ, ಇಂತಹ ಕೆಲಸವನ್ನು ತರಬೇತಿ ಕೊಟ್ಟ ಸ್ಥಳೀಯ ಕರ್ಮಿಗೆ ಬಿಡಲಿ. ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರಿನಂತಹ ಕಾಯಂ ಕೇಂದ್ರ ನಮ್ಮವರಿಂದಲೂ ಸಾಧ್ಯವೆಂಬುದು ಸಿದ್ಧವಾಗಿದೆ. ಯಾದಗಿರಿಯಲ್ಲಿ ವಾರಕ್ಕೆ ಒಂದೇ ದಿನ ತೆರೆದಿರುವ ಒಂದು ಕೋಣೆಯಿಂದ ಆರಂಭಿಸಬಹುದು.

ಚತುರ್ವಿಧ ದಾನದಲ್ಲಿ ಔಷಧದಾನ ಒಂದು, ಶಾಸ್ತ್ರದಾನ ಇನ್ನೊಂದು. ಮೊದಲನೆಯದಕ್ಕೆ ಫೋಟೋ ಬರುತ್ತದೆ, ಎರಡನೆಯದಕ್ಕೆ ಬರುವುದಿಲ್ಲ. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂತಹ ಸಂಸ್ಥೆಗಳಲ್ಲಿ ಈ ಶಿಕ್ಷಣ ದೊರೆಯುತ್ತದೆ. ಮೂರು ತಾಲ್ಲೂಕುಗಳಿಂದ ವಿಜ್ಞಾನ ಓದಿದ ಒಬ್ಬೊಬ್ಬ ಹುಡುಗ ಅಥವಾ ಹುಡುಗಿಯನ್ನು, ಯಾವ ಜಾತಿಯವರೇ ಆಗಲಿ, ಮರಳಿ ಬಂದು ಇಲ್ಲಿಯೇ ಐದು ವರ್ಷ ಕೆಲಸ ಮಾಡುವ ಕರಾರಿನ ಮೇಲೆ ಕಳುಹಿಸೋಣ. ಒಂದು ಶಿಬಿರವನ್ನು ಕೈಬಿಟ್ಟರೂ ಚಿಂತೆಯಿಲ್ಲ.

ಅಲ್ಲಿಯವರೆಗೆ ನಡೆಯುವ ಶಿಬಿರಗಳ ಆಹ್ವಾನಪತ್ರಿಕೆಯಲ್ಲಿ ಉದ್ಘಾಟಕರ ಹೆಸರಿನ ಕೆಳಗೆ ಎರಡು ಸಾಲು ಅಚ್ಚಾಗಲಿ: ಅಳತೆ ತೆಗೆಯುವವರ ನೋಂದಣಿ ಸಂಖ್ಯೆ, ಅದೇ ತಂಡ ಮರಳಿ ಬರುವ ದಿನಾಂಕ. ಆ ಎರಡು ಸಾಲುಗಳಿಲ್ಲದ ಶಿಬಿರದ ರಸೀದಿ ಪುಸ್ತಕ ನನ್ನ ಅಂಗಡಿಗೆ ಬಂದರೆ ಬರೆಯದೆ ಹಿಂದಕ್ಕೆ ಕಳುಹಿಸುತ್ತೇನೆ.