ಕೋವಿ ಎಷ್ಟು ದೊಡ್ಡದಿರಬೇಕು?

ಬೇಟೆಯ ಕಥೆಗಳನ್ನು ಓದಿ ಬೆಳೆದವರಿಗೆ ಕೆಲವು ಅಂಕಿಗಳು ಆ ಕಥೆಗಳ ನಾಯಕರಷ್ಟೇ ಪರಿಚಿತ. ಬೆಂಗಳೂರಿನ ಕೆನೆತ್ ಆಂಡರ್ಸನ್ನರ ಹೆಗಲಮೇಲೆ ಇರುತ್ತಿದ್ದುದು .405 ವಿಂಚೆಸ್ಟರ್ ಕೋವಿ. ಕುಮಾವೂನಿನ ಜಿಮ್ ಕಾರ್ಬೆಟ್ಟರ ಹೆಸರಿನೊಡನೆ ಸೇರಿಹೋಗಿರುವುದು .275 ರಿಗ್ಬಿ. ಇವರಿಬ್ಬರ ಸಾಹಸಗಳನ್ನೂ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಒಬ್ಬರದು ದಪ್ಪ ಗುಂಡು, ಇನ್ನೊಬ್ಬರದು ಸಣ್ಣ ಗುಂಡು. ಇಬ್ಬರೂ ನರಭಕ್ಷಕಗಳನ್ನು ಬೆನ್ನಟ್ಟಿದವರೇ. ಹಾಗಾದರೆ ತಕ್ಕ ಅಳತೆ ಯಾವುದು? ಜಿಂಕೆಗೊಂದು, ಕಡವೆಗೊಂದು, ಕಾಟಿಗೊಂದು ಕೋವಿ ಬೇಕೆ? ಎಲ್ಲಕ್ಕೂ ದೊಡ್ಡದೊಂದಿದ್ದರೆ ಸಾಲದೆ?

ಮೊದಲಿಗೆ ಅಂಕಿಯ ಅರ್ಥ. .275 ಎಂದರೆ ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದಾಗ ನಳಿಗೆಯ ಒಳ ಅಗಲ ಸುಮಾರು 275 ಪಾಲು ಎಂದು. ಅದಕ್ಕೂ ಹಿಂದಿನ ಲೆಕ್ಕ ಬೇರೆ ಬಗೆಯದು. ಒಂದು ಪೌಂಡು ಸೀಸವನ್ನು ಕರಗಿಸಿ ನಳಿಗೆಯಲ್ಲಿ ಹಿಡಿಸುವಂಥ ಎಷ್ಟು ಉಂಡೆಗಳನ್ನು ಎರೆಯಬಹುದೋ ಅದೇ ಆ ಕೋವಿಯ ಅಳತೆ. ಹನ್ನೆರಡು ಉಂಡೆಯಾದರೆ ಹನ್ನೆರಡು ಬೋರು; ನಾಲ್ಕೇ ಆದರೆ ನಾಲ್ಕು ಬೋರು, ಅಂದರೆ ಒಂದೊಂದು ಗುಂಡೂ ಕಾಲು ಪೌಂಡು! ಸ್ಯಾಂಡರ್ಸನ್ ಸಾಹೇಬರು ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ 1870ರ ದಶಕದಲ್ಲಿ ಆನೆ, ಕಾಟಿಗಳ ಬೇಟೆಗೆ ಇಂಥ ದಪ್ಪ ನಳಿಗೆಗಳೇ ಗತಿಯಾಗಿದ್ದುವು. ಕರಿಮದ್ದು ಗುಂಡಿಗೆ ಹೆಚ್ಚಿನ ವೇಗವನ್ನು ಕೊಡಲಾರದು. ಆದಕಾರಣ ವೇಗದ ಕೊರತೆಯನ್ನು ತೂಕದಿಂದ ತುಂಬಿಕೊಳ್ಳಬೇಕಾಗಿತ್ತು.

ಹೊಗೆಯಿಲ್ಲದ ಮದ್ದು ಬಂದಮೇಲೆ ಈ ಲೆಕ್ಕ ತಲೆಕೆಳಗಾಯಿತು. ಗುಂಡಿನ ತೂಕ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. 1898ರಲ್ಲಿ ರಿಗ್ಬಿ ಕಂಪನಿ ಹೊರತಂದ .450 ತೋಟಾದಲ್ಲಿದ್ದ ಗುಂಡಿನ ತೂಕ 480 ಗ್ರೇನ್, ಅಂದರೆ ಸುಮಾರು 31 ಗ್ರಾಮ್ ಮಾತ್ರ. ಅದು ಸೆಕೆಂಡಿಗೆ 2,150 ಅಡಿಯ ವೇಗದಿಂದ ಹೊರಟು, ಅಳ್ಳೆದೆಯವನು ಹೆಗಲಿಗೇರಿಸಲೂ ಅಂಜುತ್ತಿದ್ದ ಹಳೆಯ ಕೋವಿಯ ಕೆಲಸವನ್ನು ಮಾಡಿಬಿಟ್ಟಿತು.

ಎಲ್ಲ ಅಂಕಿಗಳೂ ಬೇಟೆಗಾರನ ಅಗತ್ಯದಿಂದಲೇ ಹುಟ್ಟಿದುವು ಎಂದು ತಿಳಿಯಬಾರದು. ಸೈನ್ಯದ ಮಾರ್ಟಿನಿ-ಹೆನ್ರಿ ಕೋವಿಗಳ ಗುಂಡೂ .450 ಆಗಿದ್ದುದರಿಂದ ಅದು ದಂಗೆಕೋರರ ಕೈಸೇರೀತೆಂಬ ಅಂಜಿಕೆಯಿಂದ, 1907ರ ಸುಮಾರಿನಲ್ಲಿ ಬ್ರಿಟಿಷರು ಭಾರತದಲ್ಲಿಯೂ ಸೂಡಾನಿನಲ್ಲಿಯೂ ಆ ಅಳತೆಯನ್ನು ಖಾಸಗಿಯವರಿಗೆ ನಿಷೇಧಿಸಿದರು. ಲಂಡನ್ನಿನ ಕುಶಲಿಗಳು ಕೂದಲೆಳೆಯಷ್ಟು ಹೆಚ್ಚಿಸಿ .465, .470 ಮೊದಲಾದುವನ್ನು ಮುಂದಿಟ್ಟರು. ಸೈನ್ಯದ .303 ನಿಷಿದ್ಧವಾದುದರಿಂದಲೇ ಸ್ವತಂತ್ರ ಭಾರತದ ಸರ್ಕಾರಿ ಕಾರ್ಖಾನೆಯಲ್ಲಿ ನಾಗರಿಕರಿಗಾಗಿ .315 ಕೋವಿ ತಯಾರಾಯಿತು. ಪ್ರಾಣಿಯ ಮೈಕಟ್ಟಿಗೂ ಈ ಅಂಕಿಗಳಿಗೂ ಯಾವ ಸಂಬಂಧವೂ ಇಲ್ಲ.

ಸಂಬಂಧವಿರುವುದು ಗುಂಡು ಒಳಹೊಕ್ಕಮೇಲೆ ಮಾಡುವ ಕೆಲಸಕ್ಕೆ. ಚುಕ್ಕೆ ಜಿಂಕೆಯ ಗಂಡು ನೂರು ಕಿಲೋ ತೂಗುವುದೂ ಅಪರೂಪ. ಕಡವೆ ಅದರ ಎರಡು ಮೂರರಷ್ಟು. ಬಲಿತ ಗಂಡು ಕಾಟಿ ಸಾವಿರ ಕಿಲೋವಿನ ಸಮೀಪಕ್ಕೆ ಬರಬಲ್ಲುದು. ಜಿಂಕೆಗೆ ಬೇಕಾದುದು ಸೀಸದ ಮೂತಿಯ ಮೆತುಗುಂಡು. ಅದು ಮಾಂಸವನ್ನು ತಾಕಿದೊಡನೆ ಅಣಬೆಯಂತೆ ಅರಳಿ, ಶ್ವಾಸಕೋಶವನ್ನು ಹರಿದು, ಪ್ರಾಣಿಯನ್ನು ಬೇಗ ಕೆಡಹುತ್ತದೆ. ಅದೇ ಗುಂಡನ್ನು ಕಾಟಿಯ ಹೆಗಲಿಗೆ ಹೊಡೆದರೆ ಮೂಳೆಯನ್ನು ಮುಟ್ಟುವಷ್ಟರಲ್ಲಿ ಚೂರಾಗಬಹುದು. ಕಾಟಿಗೂ ಆನೆಗೂ ಬೇಕಾದುದು ಗಟ್ಟಿ ಲೋಹದ ಹೊದಿಕೆಯ, ಅರಳದೆ ಆಳಕ್ಕೆ ಇಳಿಯುವ ಗುಂಡು. ಅದನ್ನು ಜಿಂಕೆಗೆ ಹೊಡೆದರೆ ಸಣ್ಣ ತೂತು ಮಾಡಿ ಆಚೆಗೆ ಹಾದುಹೋಗುತ್ತದೆ. ಪ್ರಾಣಿ ಓಡುತ್ತದೆ, ಸಾಯುವುದು ಎಲ್ಲಿಯೋ, ಯಾವಾಗಲೋ.

ಸಣ್ಣ ಗುಂಡಿನ ಪರವಾಗಿ ಉದ್ದಕ್ಕೂ ಎತ್ತಿಹೇಳುವ ಹೆಸರು ಆಫ್ರಿಕದಲ್ಲಿ ಬೇಟೆಯಾಡಿದ ಡಬ್ಲ್ಯು. ಡಿ. ಎಂ. ಬೆಲ್ ಅವರದು. ಸಾವಿರಕ್ಕೂ ಮಿಕ್ಕಿ ಆನೆಗಳನ್ನು ಕೊಂದ ಅವರು ಬಹುಪಾಲಿಗೆ ಬಳಸಿದುದು .275. ಆದರೆ ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಮಗ್ಗುಲಿನಿಂದ ಅದಕ್ಕೆ ದಾರಿಯಿದೆ ಎಂದು ಮನಗಂಡವರು ಅವರು. ಅವರ ಕೋವಿಯನ್ನು ಅನುಕರಿಸುವುದು ಸುಲಭ. ಆ ಕಣ್ಣನ್ನೂ ಆ ಸಂಯಮವನ್ನೂ ಕೊಂಡುತರುವ ಅಂಗಡಿಯಿಲ್ಲ. ಮುಂದೆ ಆಫ್ರಿಕದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗಳ ಬೇಟೆಗೆ .375ಕ್ಕಿಂತ ಸಣ್ಣ ಕೋವಿ ಸಲ್ಲದೆಂದು ವಿಧಿಸಿದುದು ಇತರರನ್ನು ಗಮನದಲ್ಲಿಟ್ಟುಕೊಂಡೇ.

ಹಾಗೆಂದು ದೊಡ್ಡ ಕೋವಿಯೇ ಸುರಕ್ಷಿತವೆ? ಅದೂ ಅಲ್ಲ. ದೊಡ್ಡ ಕೋವಿ ಹೆಗಲಿಗೆ ಒದೆಯುತ್ತದೆ. ನಾಲ್ಕು ಸಲ ಒದೆತ ತಿಂದವನು ಐದನೆಯ ಸಲ ಕೋವಿಯ ಕುದುರೆಯನ್ನು ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಮೈ ಬಿಗಿಹಿಡಿಯುತ್ತಾನೆ. ಗುಂಡು ಎದೆಯನ್ನು ಬಿಟ್ಟು ಹೊಟ್ಟೆಗೋ ಕಾಲಿಗೋ ತಗಲುತ್ತದೆ. ತಪ್ಪಿದೆಡೆಗೆ ಬಿದ್ದ ಭಾರಿ ಗುಂಡಿಗಿಂತ ಸರಿಯಾದೆಡೆಗೆ ಬಿದ್ದ ಹಗುರ ಗುಂಡೇ ಮೇಲು.

ಈ ತಪ್ಪಿನ ಬೆಲೆಯನ್ನು ಯಾರು ತೆತ್ತರು ಎಂಬುದಕ್ಕೆ ಚಂಪಾವತದ ಹೆಣ್ಣುಹುಲಿ ಸಾಕ್ಷಿ. ನೇಪಾಳದಲ್ಲಿಯೂ ಕುಮಾವೂನಿನಲ್ಲಿಯೂ ಸೇರಿ 436 ಮಂದಿಯನ್ನು ಕೊಂದ ಅದನ್ನು 1907ರಲ್ಲಿ ಕಾರ್ಬೆಟ್ಟರು ಹೊಡೆದುರುಳಿಸಿದರು. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮೇಲೂ ಕೆಳಗೂ ಮುರಿದಿದ್ದುವು. ಅದು ಹಿಂದೆಂದೋ ಯಾರೋ ಹಾರಿಸಿದ ಗುಂಡಿನ ಗಾಯ. ತನ್ನ ಸಹಜ ಆಹಾರವನ್ನು ಕೊಲ್ಲಲಾರದೆ ಅದು ಮನುಷ್ಯರ ಕಡೆಗೆ ತಿರುಗಿತ್ತು ಎಂಬುದು ಕಾರ್ಬೆಟ್ಟರ ನಿರ್ಣಯ. ಗುಂಡು ಹಾರಿಸಿದವನು ಮನೆಗೆ ಹೋದ. ಲೆಕ್ಕ ತೀರಿಸಿದವರು ಹುಲ್ಲು ಸೌದೆಗೆ ಹೋದ ಹಳ್ಳಿಯ ಹೆಂಗಸರು. ಆ ಹುಲಿಯನ್ನು ಕೊಂದ ಮೆಚ್ಚಿಕೆಗಾಗಿ ಕಾರ್ಬೆಟ್ಟರಿಗೆ ದೊರೆತ ಬಹುಮಾನವೇ ಆ ಪ್ರಸಿದ್ಧ .275 ರಿಗ್ಬಿ.

ಬೇಟೆ ಇಂದಿಗೂ ಕಾನೂನುಬದ್ಧವಾಗಿ ನಡೆಯುವ ಸ್ವೀಡನ್ ದೇಶದವರು ಈ ಪಾಠವನ್ನು ಕಟ್ಟಳೆಯಾಗಿ ಬರೆದಿಟ್ಟಿದ್ದಾರೆ. ಅಲ್ಲಿನ ಮೂಸ್ ಎಂಬ ದೈತ್ಯ ಜಿಂಕೆಗೆ ಹಾರಿಸುವ ಗುಂಡು 10 ಗ್ರಾಮ್ ಅಥವಾ ಹೆಚ್ಚಿನದಾದರೆ ನೂರು ಮೀಟರ್ ದೂರದಲ್ಲಿ 2,000 ಜೂಲ್ ಶಕ್ತಿಯಿದ್ದರೆ ಸಾಕು. 9ರಿಂದ 10 ಗ್ರಾಮಿನ ಗುಂಡಿಗೆ 2,700 ಜೂಲ್ ಇರಲೇಬೇಕು. ನಳಿಗೆ ಸಣ್ಣದಾದ 6.5 ಮಿಲಿಮೀಟರಿನ ಹಳೆಯ ಕೋವಿಯೂ ತಕ್ಕ ತೂಕದ ಗುಂಡಿನೊಡನೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಅಷ್ಟೇ ಅಲ್ಲ, ಗಾಯಗೊಂಡ ಮೂಸಿನ ಜಾಡು ಹಿಡಿಯಬಲ್ಲ ಪಳಗಿದ ನಾಯಿ ಎರಡು ಗಂಟೆಯೊಳಗೆ ಅಲ್ಲಿಗೆ ಬರುವ ಏರ್ಪಾಡಿರಬೇಕು. ಗುರಿ ತಪ್ಪುವುದುಂಟು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಕಾನೂನು ಇದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಲೈಸೆನ್ಸಿನ ಬೇಟೆಯನ್ನೂ ತೆಗೆದುಹಾಕಿದ 1991ರ ತಿದ್ದುಪಡಿಯೂ ಬೇಟೆಗಾರನ ಪ್ರಶ್ನೆಗೆ ತೆರೆಯೆಳೆದಿವೆ. ಆದರೆ ಅಳತೆಯ ಪ್ರಶ್ನೆ ಕಾಡಿನಿಂದ ಪೂರ್ತಿ ಹೊರಟುಹೋಗಿಲ್ಲ. ಊರಿಗೆ ನುಗ್ಗಿದ ಆನೆಯನ್ನೋ ಹುಲಿಯನ್ನೋ ಹಿಡಿಯಲು ಬರುವ ಪಶುವೈದ್ಯರ ಕೋವಿಯಲ್ಲಿ ಇಂದು ಗುಂಡಿಲ್ಲ, ಅರಿವಳಿಕೆಯ ಸೂಜಿಯಿದೆ. ಪ್ರಾಣಿಯ ತೂಕವೆಷ್ಟು, ಮದ್ದು ಎಷ್ಟು, ಸೂಜಿ ನಾಟಬೇಕಾದ ಜಾಗ ಯಾವುದು ಎಂದು ಅವರೂ ನಿಂತು ಎಣಿಸಬೇಕು. ಮದ್ದು ಕಡಿಮೆಯಾದರೆ ಅರೆಮಂಪರಿನ ಪ್ರಾಣಿ ಜನರ ನಡುವೆ ನುಗ್ಗೀತು. ಹೆಚ್ಚಾದರೆ ಮತ್ತೆ ಏಳದೆ ಹೋದೀತು. ಅಷ್ಟನ್ನು ಎಣಿಸುವ ವ್ಯವಧಾನ ಚಂಪಾವತದ ಹುಲಿಗೆ ಮೊದಲ ಗುಂಡು ಹಾರಿಸಿದವನಿಗೆ ಇದ್ದಿದ್ದರೆ 436 ಮನೆಗಳಲ್ಲಿ ದೀಪ ಆರುತ್ತಿರಲಿಲ್ಲವೇನೋ.