ಉಂಡ ಮ್ಯಾಲೆ ಏನ ನಡೀತೈತಿ ನೋಡ್ರಿ

ನಮ್ಮ ಮನಿಗೋಳಾಗ ಹುಡುಗಿ ಎಷ್ಟ ರೊಟ್ಟಿ ಉಂಡ್ಲು ಅನ್ನೂ ಲೆಕ್ಕ ಎಲ್ಲಾರೂ ಇಡತಾರ. ಉಂಡ ಮ್ಯಾಲೆ ಎಲ್ಲಿಗಿ ಹೋದ್ಲು ಅಂತ ಯಾರೂ ನೋಡೂದಿಲ್ಲ. ಬುಲಿಮಿಯಾ ಅನ್ನೂ ಜಡ್ಡು ಅಡಗಿರೂದ ಅಲ್ಲಿ.

ಈ ಜಡ್ಡಿನ್ಯಾಗ ಹುಡುಗಿ ಕದ್ದು ಮುಚ್ಚಿ ಒಮ್ಮೆಲೇ ಕೈ ಮೀರಿ ತಿಂತಾಳ, ತಡಕೊಳ್ಳಾಕ ಆಗೂದಿಲ್ಲ. ಆಮ್ಯಾಲೆ ದಪ್ಪ ಆಗ್ತೀನಿ ಅನ್ನೂ ಅಂಜಿಕಿಗೆ ತಾನ ವಾಂತಿ ಮಾಡ್ಕೋತಾಳ, ಇಲ್ಲಾ ಭೇದಿ ಗುಳಿಗಿ ನುಂಗತಾಳ, ಇಲ್ಲಾ ಉಪವಾಸ ಬೀಳತಾಳ. (ಗಂಡ ಹುಡುಗರಿಗೂ ಬರತೈತಿ.) ಸೊರಗಿದ್ರ ನಮಗ ತಿಳೀತಿತ್ತು. ಆದ್ರ ಭಾಳ ಮಂದಿಗೆ ಮೈ ಇದ್ದಂಗ ಇರತೈತಿ. ಇಂಗ್ಲೆಂಡಿನ ಡಯಾನಾಗೂ ಈ ಜಡ್ಡಿತ್ತು. ಅಷ್ಟ ಮಂದಿ ಕಣ್ಣ ಮುಂದ ಇದ್ದಾಕಿನೂ ವರ್ಷಗಟ್ಟಲೆ ಮುಚ್ಚಿಟ್ಟಿದ್ಲು, 1995ರಾಗ ಟಿವಿ ಮುಂದ ತಾನ ಹೇಳಿದ್ಲು.

ಊಟ ಆದ ಕೂಡ್ಲೆ ಬಚ್ಚಲಕ್ಕ ಹೋಗಿ ನಳ ಜೋರ ಬಿಡೂದು, ಕಿವಿ ಕೆಳಗ ದವಡಿ ಹತ್ರ ಬಾವು ಬಂದಂಗ ಉಬ್ಬೂದು, ಬೆರಳಿನ ಗೆಣ್ಣಿನ ಮ್ಯಾಲೆ ಗಾಯದ ಗುರುತು, ಹಲ್ಲು ಸವದು ತಣ್ಣೀರಿಗೂ ಝುಂ ಅನ್ನೂದು, ಡಬ್ಬಿ ತುಂಬ ಇದ್ದ ಸವಣೂರ ಖಾರಾ ರಾತ್ರಿ ಬೆಳಗಾಗೂದ್ರಾಗ ಖಾಲಿ. ಒಂದ ಕಂಡ್ರ ಜಡ್ಡ ಅನ್ನಾಕ ಬರೂದಿಲ್ಲ. ಎರಡ ಮೂರು ಕೂಡಿ ಕಂಡ್ರ ಕುಂತು ಮಾತಾಡ್ಸಬೇಕು.

ನಾವೇನ ಮಾಡ್ತೀವಿ? ಲಗ್ನಾದಾಕಿ ವಾಂತಿ ಮಾಡಿದ್ರ ಸಕ್ಕರಿ ಹಂಚಾಕ ನಿಂದರತೀವಿ, ಲಗ್ನಾಗದಾಕಿ ಮಾಡಿದ್ರ ಆಕಿ ನಡತಿ ಮ್ಯಾಲೆ ಕಣ್ಣ ಹೋಗತೈತಿ. ಇಲ್ಲಾಂದ್ರ ಪಿತ್ತ ಅಂತ ಲಿಂಬಿಹಣ್ಣ ಹಿಂಡಿ ಕೊಡತೀವಿ. ಆಕಿ ಹೆಂಗ ಬಾಯಿ ಬಿಡಬೇಕು?

ಇದು ನಖರಾ ಅಲ್ರೀ. ವಾಂತಿ, ಭೇದಿ ಆಗಿ ಆಗಿ ಮೈಯಾಗಿನ ಪೊಟ್ಯಾಸಿಯಂ ಇಳದ್ರ ಎದಿ ಬಡಿತಾನ ತಪ್ಪತೈತಿ. ಕಣ್ಣ ಕತ್ತಲಿ ಬಂದು ಬಿದ್ರ, ಎದಿ ಹೊಡಕೊಳ್ಳಾಕತ್ರ, ರಕ್ತ ಕಾರಿದ್ರ ಆ ಹೊತ್ತಿಗೇ ದವಾಖಾನಿಗೆ ಒಯ್ಯಬೇಕು.

ಗುಣಾ ಆಗೂ ಜಡ್ಡಿದು. ಡಾಕ್ಟರು ಮಾತಾಡ್ಸಿ ಮಾತಾಡ್ಸಿ ಚಿಕಿತ್ಸೆ ಮಾಡ್ತಾರ, ಬೇಕಾದ್ರ ಗುಳಿಗಿನೂ ಕೊಡ್ತಾರ. ಮೊದಲ 14416ಕ್ಕ ಫೋನ್ ಹಚ್ರಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ರೊಕ್ಕಿಲ್ಲ, ಕನ್ನಡದಾಗ ಮಾತಾಡ್ತಾರ. ಯಲವಿಗಿ ಸ್ಟೇಷನ್ನಿನ್ಯಾಗ ರೈಲ ಹತ್ತಿ ಹುಬ್ಬಳ್ಳಿಗಿ ಇಳದ್ರ ಅಲ್ಲಿಂದ ಧಾರವಾಡದ ಡಿಮ್ಹಾನ್ಸ್ ಏನ ದೂರಲ್ಲ. ಆದ್ರ ನಮ್ಮ ಕಡೆ ಯಾರರ ಅಡ್ಡಾದಿಡ್ಡಿ ಮಾತಾಡಿದ್ರ ‘ಧಾರವಾಡಕ್ಕ ಕಳಸ್ರಿ’ ಅಂತ ನಗತೀವಿ. ಆ ನಗು ಕೇಳಿ ಬೆಳದ ಹುಡುಗಿ ಆ ಬಾಗಿಲಿಗೆ ಹೆಂಗ ಹೋದಾಳು? ನನ್ನ ಕೇಳಿದ್ರ ಮೊದಲ ಬಿಡಬೇಕಾದ ಚ್ಯಾಷ್ಟಿ ಇದು.

ಬಚ್ಚಲ ಬಾಗಿಲಿಗೆ ಕಾವಲ ನಿಂದ್ರಬ್ಯಾಡ್ರಿ, ಆಣಿ ಹಾಕಸಬ್ಯಾಡ್ರಿ. ‘ಎಷ್ಟ ದಪ್ಪಾಗಿದಿ’ ಅನ್ನೂದು ಬ್ಯಾಡ, ‘ಈಗ ತೆಳ್ಳಗಾಗಿ ಚಂದ ಕಾಣ್ತಿ’ ಅನ್ನೂದೂ ಬ್ಯಾಡ. ಕನ್ಯಾ ನೋಡಾಕ ಬಂದವರ ಮುಂದಂತೂ ಬ್ಯಾಡೇ ಬ್ಯಾಡ. ‘ಏನಾಗೇತವಾ ನಿನಗ? ನಾ ಸಿಟ್ಟಾಗೂದಿಲ್ಲ, ದವಾಖಾನಿಗೆ ಜೋಡಿ ಬರ್ತೀನಿ’ ಅಂದ್ರ ಸಾಕು. ಹೊತ್ತಿಗೆ ಸರಿಯಾಗಿ ಎಲ್ಲಾರ ಜೋಡಿ ಊಟಕ್ಕ ಕರೀರಿ. ಉಂಡ ಮ್ಯಾಲೆ ಕಾಳು ಹಸನ ಮಾಡಕೋತ ಆಕಿ ಜೋಡಿ ಒಂದ ತಾಸ ಕುಂದರ್ರಿ. ಊಟದ ಸುದ್ದಿ ಮಾತ್ರ ತಗೀಬ್ಯಾಡ್ರಿ.