ಭಂಗಾರವೋ, ಬಂಗಾರವೋ?

ನಮ್ಮ ಮುರಗೂಡಿನ ಓಣಿಗಳಲ್ಲಿ ಕೈಗಾಡಿಯವನು ‘ಭಂಗಾರ, ಭಂಗಾರ’ ಎಂದು ಕೂಗುತ್ತ ಬರುವುದನ್ನು ವಿದ್ಯಾರ್ಥಿ ಮಿತ್ರರೆಲ್ಲರೂ ಕೇಳಿದ್ದೀರಿ. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ ಸಾಮಾನು. ಕನ್ನಡ ಮನೆಯ ಚಿಕ್ಕ ಮಕ್ಕಳು ಅದನ್ನು ಬಂಗಾರವೆಂದೇ ತಿಳಿದು ಬಾಗಿಲಿಗೆ ಓಡುತ್ತಾರೆ. ಆದರೆ ಆ ಗಾಡಿಯನ್ನೇರಿ ಹೋಗುವ ಕೆಲವು ವಸ್ತುಗಳನ್ನು ಕಂಡಾಗ, ತಪ್ಪು ತಿಳಿದವರು ಮಕ್ಕಳಲ್ಲ, ದೊಡ್ಡವರೇ ಎಂದು ನಮಗೆ ಅನಿಸುತ್ತದೆ.

ಕಳೆದ ದೀಪಾವಳಿಯ ಮುಂದೆ ಅಂಥದೊಂದು ಗಾಡಿಯ ಮೇಲೆ ಸಾಗವಾನಿಯ ಮೇಜನ್ನು ಕಂಡೆವು. ಒಂದು ಕಾಲು ಅಲುಗುತ್ತಿತ್ತು. ಮೇಲೆಲ್ಲ ಶಾಯಿಯ ಕಲೆ. ಕಟ್ಟಿಗೆ ಮಾತ್ರ ಗಟ್ಟಿಯಾಗಿತ್ತು. ಆರು ನೂರು ರೂಪಾಯಿ ಕೊಟ್ಟು ಮನೆಗೆ ತಂದೆವು. ಆಗ ಮನೆಯವರ ಮುಖ ಹೇಗಾಗಿತ್ತೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಮೊದಲು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿದೆವು. ಬಿಸಿಲಿಗಿಟ್ಟರೆ ಹಲಗೆ ಸೀಳುತ್ತದೆ. ಅಲುಗುವ ಕಾಲನ್ನು ಬಿಚ್ಚಿ, ಸಂದಿಯ ಹಳೆಯ ಅಂಟನ್ನು ಕೆರೆದು ತೆಗೆದು, ಹೊಸ ಅಂಟು ಹಚ್ಚಿ, ಹಗ್ಗ ಸುತ್ತಿ, ಹಗ್ಗದಲ್ಲಿ ಕೋಲು ತೂರಿಸಿ ತಿರುವಿ ಬಿಗಿದೆವು. ಇದನ್ನು ತೋರಿಸಿಕೊಟ್ಟವರು ನಮ್ಮ ಓಣಿಯ ಬಡಿಗರು. ಆಮೇಲೆ ಪಾಲಿಶ್ ಕಾಗದ: ಮೊದಲು 80ನೆಯ ನಂಬರಿನದು, ಬಳಿಕ 120, ಕೊನೆಗೆ 220. ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ತಿಕ್ಕಬೇಕು. ಅಡ್ಡ ತಿಕ್ಕಿದರೆ ಬಿದ್ದ ಗೀರು ಪಾಲಿಶ್ ಹಚ್ಚಿದ ಮೇಲೆ ಇನ್ನಷ್ಟು ಎದ್ದು ಕಾಣುತ್ತದೆ. ಅರಗಿನ ಹಳಕುಗಳನ್ನು ರಾತ್ರಿಯಿಡೀ ಸ್ಪಿರಿಟಿನಲ್ಲಿ ನೆನೆಯಿಟ್ಟು, ಅರಳೆಯ ಉಂಡೆಯನ್ನು ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿ, ತೆಳ್ಳಗೆ ಆರೇಳು ಸಲ ಹಚ್ಚಿದೆವು. ಸ್ಪಿರಿಟಿನ ಹತ್ತಿರ ಒಲೆಯಾಗಲಿ ದೀಪವಾಗಲಿ ಇರಕೂಡದು. ಎಲ್ಲ ಸೇರಿ ಖರ್ಚು ಸಾವಿರದ ಐವತ್ತು, ಶ್ರಮ ಮೂರು ರವಿವಾರ. ಶಾಯಿಯ ಕಲೆ ಪೂರ್ತಿ ಹೋಗಲಿಲ್ಲ. ಇರಲಿ, ಅದೂ ಯಾರೋ ಓದಿ ಬರೆದ ಗುರುತೇ.

ಈ ಮೇಜಿನ ಕಥೆಯನ್ನು ಇಷ್ಟು ಹೇಳಲು ಕಾರಣವಿದೆ. ಒಂಬತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿಯ ಅಕ್ಷರ ಏಕೆ ಹೀಗೆ ಓರೆಯಾಗುತ್ತಿದೆಯೆಂದು ವಿಚಾರಿಸಿದಾಗ, ಆಕೆ ಹಿಟ್ಟಿನ ಡಬ್ಬಿಯ ಮೇಲೆ ವಹಿ ಇಟ್ಟು ಬರೆಯುತ್ತಾಳೆಂದು ತಿಳಿಯಿತು. ಪಾಲಕರ ಸಭೆಯಲ್ಲಿ ಆಕೆಯ ತಂದೆಯವರನ್ನು ಕೇಳಿದೆವು. ‘ಹೊಸಾದು ತರಾಕ ಆಗೂದಿಲ್ರಿ ಸರ. ಹಳೇದು ತಂದ್ರ ಮಂದಿ ನಗ್ತಾರ್ರಿ’ ಎಂದರು. ಅವರೇ ಹಿರಿಯ ಮಗಳ ಮದುವೆಗೆ ‘ಸಂಸಾರ ಸೆಟ್’ ಕೊಟ್ಟು, ಪಲ್ಲಂಗ, ಕಪಾಟು, ಕನ್ನಡಿ ಮೇಜುಗಳ ಕಂತನ್ನು ಇನ್ನೂ ತುಂಬುತ್ತಿದ್ದಾರೆ. ಓದುವ ಮಗಳಿಗೆ ಮೇಜಿಲ್ಲ, ಮದುವೆಯಾದ ಮಗಳಿಗೆ ಸಾಲದ ಪಲ್ಲಂಗ! ಇದರಲ್ಲಿ ಆ ತಂದೆಯೊಬ್ಬರದೇ ತಪ್ಪೆಂದು ನಾವು ಹೇಳಲಾರೆವು. ನಗುವ ಮಂದಿಯಲ್ಲಿ ನಾವೂ ನೀವೂ ಇದ್ದೇವೆ.

ಹೊಸದೆಲ್ಲ ಗಟ್ಟಿಯೆಂಬ ನಂಬಿಕೆಯೂ ನಿಜವಲ್ಲ. 2019ರ ಆಗಸ್ಟಿನಲ್ಲಿ ಪಂಚಗಂಗೆ, ಕೃಷ್ಣೆಗಳು ಉಕ್ಕಿ ಕೊಲ್ಹಾಪುರ, ಶಿರೋಳ ಭಾಗದ ಮನೆಗಳಿಗೆ ನೀರು ಹೊಕ್ಕಿತು. 2021ರ ಜುಲೈಯಲ್ಲಿ ಮತ್ತೆ ಅದೇ ಗತಿಯಾಯಿತು. ಕಟ್ಟಿಗೆಯ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆಯ ಕಪಾಟುಗಳು ನೀರು ಕುಡಿದು ಹಿಟ್ಟಿನಂತೆ ಉಬ್ಬುತ್ತವೆ. ಒಮ್ಮೆ ಉಬ್ಬಿದರೆ ಬಡಿಗನೂ ಏನೂ ಮಾಡಲಾರ. ಸಾಗವಾನಿಯ ಪೆಟ್ಟಿಗೆಯನ್ನಾದರೆ ತೊಳೆದು, ನೆರಳಿನಲ್ಲಿ ಒಣಗಿಸಿ, ಸಂದಿ ಬಿಗಿದು ಮತ್ತೆ ಬಳಸಬಹುದು.

ಹಾಗೆಂದು ಹಳೆಯದನ್ನೆಲ್ಲ ಮನೆಗೆ ಹೊತ್ತು ತರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು, ಅದನ್ನು ಮುಟ್ಟಬೇಡಿ. ಬೇರೆಯವರ ಗಾದಿ ಎಷ್ಟು ಅಗ್ಗವಾದರೂ ಬೇಡ, ತಗಣಿಯೂ ಜೊತೆಗೇ ಬರುತ್ತದೆ. ಹಳೆಯ ಬಣ್ಣದ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರದಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಅಂಥ ಬಣ್ಣವನ್ನು ಒಣದಾಗಿ ತಿಕ್ಕದೆ, ನೀರು ತಾಗಿಸಿ, ದೊಡ್ಡವರೇ ಅಂಗಳದಲ್ಲಿ ಕೆರೆಯಬೇಕು.

ಗಾದಿ ಬೇಡವೆಂದೆವು, ಕೌದಿ ಬೇಡವೆನ್ನಲಿಲ್ಲ. ಹರಿದ ಸೀರೆಗಳನ್ನು ಪದರ ಪದರವಾಗಿ ಹಾಸಿ ನಮ್ಮ ಅಜ್ಜಿಯಂದಿರು ಹೊಲಿದ ಕೌದಿಯನ್ನು ನೆರೆಯ ಮರಾಠಿ ಮನೆಗಳಲ್ಲಿ ವಾಕಳ ಎನ್ನುತ್ತಾರೆ. ಹೆಸರು ಎರಡು, ಬೆಚ್ಚಗೆ ಒಂದೇ. 1904ರಿಂದ ವಿದ್ಯುತ್ ಮಗ್ಗಗಳ ಸದ್ದು ಕೇಳುತ್ತಿರುವ ಇಚಲಕರಂಜಿ ನಮಗೆ ದೂರದ ಊರೇನಲ್ಲ. ಅಲ್ಲಿಂದ ಬರುವ ತುಂಡು ಬಟ್ಟೆಯಿಂದ ಕಿಟಕಿಯ ಪರದೆ, ಖುರ್ಚಿಯ ದಿಂಬಿನ ಗವಸು ಹೊಲಿಯಬಹುದು. ಇದನ್ನು ಹುಡುಗಿಯರ ಕೆಲಸವೆಂದು ಹುಡುಗರು ಪುಟ ತಿರುವಬಾರದು.

1937ರಲ್ಲಿ ವರ್ಧಾದಲ್ಲಿ ಶಿಕ್ಷಣದ ಪರಿಷತ್ತು ಸೇರಿದಾಗ ಗಾಂಧೀಜಿಯವರು ಕೈಕೆಲಸವನ್ನು ಕಲಿಕೆಯ ನಡುವೆಯೇ ಇಟ್ಟರು. ನಾವು ಕಾರ್ಯಾನುಭವದ ಹೆಸರಿನಲ್ಲಿ ಬಣ್ಣದ ಕಾಗದದ ಹೂವು ಮಾಡಿಸಿ ಗುಣ ಹಾಕುತ್ತಿದ್ದೇವೆ. ಈ ಮಾತನ್ನು ನಾವು ನಮಗೇ ಹೇಳಿಕೊಳ್ಳುತ್ತಿದ್ದೇವೆ.

ಆ ತಂದೆಯವರು ಕಳೆದ ತಿಂಗಳು ನಮ್ಮ ಮನೆಗೆ ಬಂದು ಮೇಜನ್ನು ತಟ್ಟಿ ನೋಡಿ, ಕೆಳಗೆ ಬಗ್ಗಿ ಸಂದಿಯನ್ನೂ ನೋಡಿದರು. ಹೋಗುವಾಗ, ‘80 ನಂಬರಿನ ಕಾಗದ ಎಲ್ಲಿ ಸಿಗತೈತ್ರಿ?’ ಎಂದು ಕೇಳಿದರು. ಬೇಸಿಗೆಯ ರಜೆಯ ಮೊದಲ ರವಿವಾರ ಶಾಲೆಯ ಎರಡು ಮುರುಕು ಬೆಂಚುಗಳನ್ನು ಅಂಗಳಕ್ಕೆ ತರಲಿದ್ದೇವೆ. ಬರುವ ಇಚ್ಛೆಯುಳ್ಳವರು, ಪಾಲಕರೂ ಸೇರಿ, ಒಂದೊಂದು ಹಳೆಯ ಬನಿಯನ್ ತರಬೇಕು.